ಅಂಚಿಲ್ಲದ ಕಂಬಳಿ

“ಬುದ್ಧಿ, ಹತ್ತು ಜನರ ಕೆಲಸವನ್ನು ಒಬ್ಬನೇ ಮಾಡುವವನನ್ನು ಎಲ್ಲರ ಮೇಲೆ ಕೂರಿಸಿದರೆ, ಅವನು ಇನ್ನು ಮುಂದೆ ಎಷ್ಟು ಜನರ ಕೆಲಸ ಮಾಡಬೇಕು?”

ಕೇಳಿದವನು ಶಿಷ್ಯ ಮರುಳಯ್ಯ. ಮಠದ ಅಡುಗೆಮನೆಯಲ್ಲಿ ಅವನ ಕೈಯ ಸಾರಿಗೆ ಸಾಟಿಯಿರಲಿಲ್ಲ. ಆ ಸಾರಿನ ಹೆಸರಿನ ಮೇಲೆಯೇ ಇಡೀ ದಾಸೋಹದ ಉಸ್ತುವಾರಿ ಅವನ ಪಾಲಿಗೆ ಬಂದಿತ್ತು. ಏನು ಬೇಯಬೇಕು, ಯಾರು ಬೇಯಿಸಬೇಕು, ಬಡಿಸುವುದು ಎಲ್ಲಿಂದ ಶುರುವಾಗಬೇಕು ಎಂಬುದೆಲ್ಲ ಈಗ ಅವನ ಮಾತು. ಆದರೂ ಅವನು ಒಲೆಯ ಮುಂದಿನಿಂದ ಎದ್ದಿರಲಿಲ್ಲ. ಒಗ್ಗರಣೆ ಅವನೇ ಹಾಕಬೇಕು, ಉಪ್ಪು ಅವನೇ ನೋಡಬೇಕು. ಅವನು ನೋಡುವ ತನಕ ಬಡಿಸುವವರು ಬಕೆಟ್ಟು ಹಿಡಿದು ಕಾಯಬೇಕು. ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ಸಾರು ಬರುವಷ್ಟರಲ್ಲಿ ಎಲೆಯ ಮೇಲಿನ ಅನ್ನ ಆರಿಹೋಗಿರುತ್ತದೆ ಎಂಬ ಮಾತು ಗುರುಗಳ ಕಿವಿಗೂ ಬಿದ್ದಿತ್ತು. ಈಗಲೂ ಅವನು ಸೌಟು ಹಿಡಿದುಕೊಂಡೇ ಬಂದು ನಿಂತಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಒಡತಿ ಇದ್ದಳು. ಕಂಬಳಿ ನೇಯುವ ಒಂದು ಸಾಲು ಮಗ್ಗಗಳು ಅವಳವು. ಆ ಮಗ್ಗಗಳನ್ನು ನಂಬಿ ಒಂದು ಇಡೀ ಕೇರಿ ಬದುಕಿತ್ತು. ಆ ಕೇರಿಯಲ್ಲಿ ಒಬ್ಬ ನೇಕಾರ. ಅವನು ನೇಯ್ದ ಅಂಚನ್ನು ಕಂಡವರು ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ. ಕೆಂಪು ಬಿಳಿ ಎಳೆಗಳನ್ನು ಅವನಂತೆ ಕೂಡಿಸುವವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಗೊತ್ತಿಲ್ಲದವನಂತೆ ನಟಿಸುವ ಗೋಜಿಗೆ ಅವನು ಹೋದವನಲ್ಲ.

ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದ ಹಳೆಯ ಮೇಸ್ತ್ರಿಗೆ ಕಣ್ಣು ಮಂಜಾದಾಗ ಒಡತಿ ಈ ನೇಕಾರನನ್ನು ಕರೆದಳು. ಇನ್ನು ಮೇಲೆ ಯಾವ ಕಂಬಳಿ ನೇಯಬೇಕು, ಯಾವುದನ್ನು ನೇಯಬಾರದು ಎಂಬುದು ನಿನಗೆ ಸೇರಿದ್ದು ಎಂದಳು. ಅವನು ಹಿಗ್ಗಿದ. ಹಿಗ್ಗಿ ಮಾಡಿದ್ದೇನು? ಮರುದಿನ ಬೆಳಿಗ್ಗೆ ಮತ್ತೆ ತನ್ನ ಮಗ್ಗಕ್ಕೇ ಹೋಗಿ ಕೂತ. ಅಂಚನ್ನು ಇನ್ನೂ ಅಗಲ ಮಾಡಿದ. ಬಿಡುವಾದಾಗ ಎದ್ದು ಬೇರೆಯವರ ಮಗ್ಗಗಳ ಬಳಿ ಹೋಗಿ, ಅವರ ಅಂಚನ್ನು ಬಿಚ್ಚಿಸಿ ತಾನೇ ನೇಯ್ದು ಕೊಟ್ಟ. ಮೇಸ್ತ್ರಿ ಎಂದರೆ ಎಲ್ಲರಿಗಿಂತ ಹೆಚ್ಚು ದುಡಿಯುವ ನೇಕಾರ ಎಂದು ಅವನು ತಿಳಿದಿದ್ದ.

ಕೇಳಿಕೊಂಡು ಬಂದವರಿಗೆ ಅವನು ಇಲ್ಲ ಎನ್ನಲಿಲ್ಲ. ಪೇಟೆಯ ವರ್ತಕ ಕಂಬಳಿ ಚುಚ್ಚುತ್ತದೆ ಎಂದ. ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುವುದು ಆ ಕೇರಿಯ ಪದ್ಧತಿ. ಅದರಿಂದ ಕಂಬಳಿ ಬಿರುಸಾಗುತ್ತದೆ, ಮಳೆ ನೀರು ಮೇಲೆಯೇ ಜಾರುತ್ತದೆ. ವರ್ತಕನಿಗಾಗಿ ಮೇಸ್ತ್ರಿ ಆ ಗಂಜಿಯನ್ನು ಅರ್ಧಕ್ಕೆ ಇಳಿಸಿದ. ಮದುವೆಯ ಮನೆಯವರು ಉದ್ದ ಸಾಲದು ಎಂದರು, ಉದ್ದ ಮಾಡಿದ. ಗಾಡಿ ಹೊಡೆಯುವವರು ದಪ್ಪ ಸಾಲದು ಎಂದರು, ದಪ್ಪ ಮಾಡಿದ. ಎಲ್ಲವನ್ನೂ ಒಂದೇ ಕಂಬಳಿಯಲ್ಲಿ ಮಾಡಿದ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮುಂಗಾರಿನ ಸಂತೆಗೆ ಹೋದ ಗಾಡಿ ಹೋದಂತೆಯೇ ತುಂಬಿ ವಾಪಸು ಬಂತು. ಎಲ್ಲರೂ ಅಂಚನ್ನು ಹೊಗಳಿದ್ದರು, ಕಂಬಳಿಯನ್ನು ಯಾರೂ ಕೊಂಡಿರಲಿಲ್ಲ.

ಒಡತಿ ಬೈಯಲಿಲ್ಲ. ಮುಂದಿನ ಮುಂಗಾರಿಗೂ ಗಾಡಿ ಹೀಗೇ ಬಂದರೆ ಮಗ್ಗಗಳನ್ನು ಮಾರಿಬಿಡುತ್ತೇನೆ ಎಂದಷ್ಟೇ ಹೇಳಿ ಒಳಗೆ ಹೋದಳು. ಮೇಸ್ತ್ರಿಗೆ ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಕೇರಿಯ ಹೆಂಗಸರು ಜಗಲಿಗಳ ಮೇಲೆ ಉಣ್ಣೆ ಹಿಂಜುತ್ತ ಕೂತಿದ್ದರು. ಅವರ ಮುಂದೆ ಹಾದು ಮನೆಗೆ ಹೋಗಲು ಅವನಿಗೆ ನಾಚಿಕೆಯಾಯಿತು. ಮನೆಯ ದಾರಿ ಬಿಟ್ಟು ಬಯಲ ಕಡೆ ನಡೆದ.

ಬಯಲಿನಲ್ಲಿ ಮಳೆ ಹಿಡಿಯಿತು. ದೂರದಲ್ಲಿ ಒಬ್ಬ ಕುರಿಗಾಹಿ ಹೆಂಗಸು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಮಂದೆಯ ನಡುವೆ ನಿಂತಿದ್ದಳು. ಹತ್ತಿರ ಹೋದವನಿಗೆ ಆ ನೇಯ್ಗೆಯ ಗುರುತು ಸಿಕ್ಕಿತು. ಹಿಂದೆ ತನ್ನ ಕೈಯಿಂದಲೇ ಹೋದ ಕಂಬಳಿ ಅದು. ಆದರೆ ಅದಕ್ಕೆ ಅಂಚೇ ಇರಲಿಲ್ಲ. ಅಂಚಿದ್ದ ಜಾಗವನ್ನು ಕತ್ತರಿಸಿ, ಒರಟು ದಾರದಲ್ಲಿ ಹೊಲಿದಿದ್ದರು.

“ಇದರ ಅಂಚು ಏನಾಯ್ತವ್ವ?” ಎಂದು ಕೇಳಿದ.

“ನೋಡಾಕೆ ಭಾಳ ಚೆಂದಿತ್ತು ಕಣಣ್ಣ. ಆದ್ರೆ ಮಳೇಲಿ ನೀರು ಕುಡಿದು ಕುಡಿದು ಹಣೆ ಮ್ಯಾಕೇ ಸುರೀತಿತ್ತು. ಕುಯ್ದು ತೆಗೆದ್ವಿ. ಬಿಸಾಡಾಕೆ ಮನಸ್ಸು ಬರಲಿಲ್ಲ, ಅಗಾ, ಮರಿಗೆ ಕಟ್ಟೀವಿ.”

ಅವನು ತಿರುಗಿ ನೋಡಿದ. ಊರೂರು ಕೊಂಡಾಡಿದ ಅವನ ಅಂಚು ಒಂದು ಕುರಿಮರಿಯ ಕೊರಳಿಗೆ ಹಗ್ಗವಾಗಿತ್ತು.

ಗಂಜಿ ಹಚ್ಚಿದರೆ ಬಣ್ಣ ಮಂಕಾಗುತ್ತದೆಂದು ಅಂಚಿನ ಎಳೆಗಳಿಗೆ ಅವನು ಎಂದೂ ಗಂಜಿ ತಾಕಿಸಿದವನಲ್ಲ. ಅದು ಅವನ ಕಸುಬಿನ ಗುಟ್ಟಾಗಿತ್ತು. ಆ ಗುಟ್ಟೇ ಅವಳ ಹಣೆಯ ಮೇಲೆ ಸುರಿದಿತ್ತು. ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಮಂದೆಯ ಜೊತೆಯಲ್ಲೇ ಸಂಜೆಯ ತನಕ ಮಳೆಯಲ್ಲಿ ನಡೆದ. ಕಂಬಳಿ ಎಲ್ಲಿ ಮಡಚುತ್ತದೆ, ಎಲ್ಲಿ ನೀರು ಇಳಿಯುತ್ತದೆ, ಎಲ್ಲಿ ಭಾರವಾಗುತ್ತದೆ ಎಂದು ನೋಡಿದ. ಇಷ್ಟು ಕಾಲ ಅವನು ಕಂಬಳಿಯನ್ನು ಮಗ್ಗದ ಮೇಲೆ ಮಾತ್ರ ನೋಡಿದ್ದ.

ಊರಿಗೆ ಬಂದವನೇ ಎಲ್ಲ ಮಗ್ಗಗಳಿಗೂ ಒಂದೇ ಮಾತು ಹೇಳಿದ. ನಾವು ಕುರಿಗಾಹಿಗೆ ನೇಯುತ್ತೇವೆ, ಬೇರೆ ಯಾರಿಗೂ ಇಲ್ಲ. ಗಂಜಿ ಪೂರ್ತಿ ಬೀಳಲಿ. ಉದ್ದ ಕೊಪ್ಪೆಗೆ ಸಾಕಾಗುವಷ್ಟಿರಲಿ. ಅಂಚು ಬೇಡ. ಮೆತ್ತಗಿನದು ಬೇಕೆಂದ ವರ್ತಕನನ್ನು ಅವನೇ ಕೈ ಮುಗಿದು ಪಕ್ಕದೂರಿನ ನೇಕಾರರ ಬಳಿ ಕಳಿಸಿದ. ಹುಣಸೆಬೀಜ ಅರೆಯುವ ಸದ್ದು ಕೇರಿಯಲ್ಲಿ ಮತ್ತೆ ಜೋರಾಯಿತು. ಆದರೆ ನೇಕಾರರಿಗೆ ಗಾಬರಿ. ಕೈಗೆ ಬಂದ ಗಿರಾಕಿಯನ್ನು ಓಡಿಸುವ ಮೇಸ್ತ್ರಿಯನ್ನು ಅವರು ಕಂಡಿರಲಿಲ್ಲ. ದೂರು ಒಡತಿಯ ತನಕ ಹೋಯಿತು.

ಒಡತಿ ಅವನನ್ನು ಕರೆಸಿದಳು. “ನಿನ್ನ ಅಂಚು ನೋಡೇ ಅಲ್ಲವೇನಯ್ಯ ನಿನ್ನನ್ನು ಮೇಸ್ತ್ರಿ ಮಾಡಿದ್ದು? ಅದನ್ನೇ ತೆಗೆದುಬಿಟ್ಟರೆ ನಿನಗೆ ಉಳಿಯೋದೇನು?”

“ಅಂಚು ನೇಯೋನು ಬೇಕಾದರೆ ನನ್ನನ್ನು ಮಗ್ಗಕ್ಕೆ ಕಳಿಸಿಬಿಡಿ ತಾಯಿ, ಸಂತೋಷದಿಂದ ಹೋಗುತ್ತೀನಿ. ಮೇಸ್ತ್ರಿ ಬೇಕಾದರೆ ಅಂಚು ಬೇಡ.”

ಒಡತಿ ಆಗಲಿ ಎಂದಳು.

ಮುಂದಿನ ಮುಂಗಾರಿನ ಸಂತೆಯಿಂದ ಗಾಡಿ ಬರಿದಾಗಿ ಬಂತು. ಕಂಬಳಿ ಸಿಗದ ಕುರಿಗಾಹಿಗಳು ಗಾಡಿಯ ಹಿಂದೆಯೇ ಕೇರಿಗೆ ಬಂದು ಜಗಲಿಗಳ ಮೇಲೆ ಕೂತರು. ಇದನ್ನು ನೇಯ್ದವರು ಯಾರು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಅದು ಮೇಸ್ತ್ರಿಗೆ ಕೊಂಚ ನೋವು ಮಾಡಿತು, ಸುಳ್ಳು ಹೇಳಬಾರದು. ಆದರೆ ಆ ಸಂಜೆ ಮಳೆ ಬಂದಾಗ, ಹೊಸ ಕೊಪ್ಪೆಗಳು ಬಯಲಿಗೆ ಇಳಿದು ಹೋಗುವುದನ್ನು ಅವನು ಕೇರಿಯ ಬಾಯಲ್ಲಿ ನಿಂತು ನೋಡಿದ. ಯಾವುದೂ ಸೋರಲಿಲ್ಲ. ಅಷ್ಟೂ ಕಂಬಳಿ ತನ್ನವೇ ಎಂದು ಅವನಿಗೆ ಅನ್ನಿಸಿತು, ಅವುಗಳಲ್ಲಿ ಒಂದೆಳೆಯನ್ನೂ ಅವನು ನೇಯ್ದಿರಲಿಲ್ಲ.

ಕತೆ ಮುಗಿಯಿತು. ಮರುಳಯ್ಯನ ಮುಖ ಅರಳಿತ್ತು. ಅವನು ಎದ್ದು ಗುರುಗಳಿಗೆ ನಮಸ್ಕರಿಸಿದ.

“ತಿಳೀತು ಬುದ್ಧಿ. ನಾಳೆಯಿಂದ ಹಾಗೇ ನಡೆಯುತ್ತೀನಿ. ಪಂಕ್ತಿ ಕೂತುಬಿಟ್ಟಿದೆ, ಇವತ್ತಿನ ಸಾರಿಗೆ ಒಂದು ಒಗ್ಗರಣೆ ಹಾಕಿ ಬಂದುಬಿಡಲಾ?”

ಗುರುಗಳು ಕೈ ಚಾಚಿದರು.

“ಸೌಟು ಇಲ್ಲಿ ಕೊಟ್ಟು, ಒಂದು ಎಲೆ ತಗೊಂಡು ಪಂಕ್ತಿಯ ಕೊನೆಯಲ್ಲಿ ಹೋಗಿ ಕೂರಪ್ಪ.”