ಚೆನ್ನಮಲ್ಲನ ಶಲ್ಯ, ಗೌಡರ ಬೆನ್ನು

ಭಾಳ ಹಿಂದೆ, ಎಷ್ಟು ಹಿಂದೆ ಅಂದರೆ ನಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲದಲ್ಲಿ, ನಮ್ಮ ಹುಣಸಿಕಟ್ಟೆಯಲ್ಲಿ ಚೆನ್ನಮಲ್ಲ ಅಂತ ಒಬ್ಬನಿದ್ದನಂತೆ. ಆಗ ಕೋರ್ಟಿಲ್ಲ, ಕರಿಕೋಟಿಲ್ಲ. ಚಾವಡಿಯಲ್ಲಿ ಗೌಡರು ಕೂತು ನ್ಯಾಯ ಹೇಳೋದು, ಸಿಕ್ಕಿಬಿದ್ದವರ ಪರವಾಗಿ ಚೆನ್ನಮಲ್ಲ ನಿಂತು ಮಾತಾಡೋದು. ಅವನು ಬಾಯಿ ತೆಗೆದರೆ ಸೂರಿನ ಪಾರಿವಾಳಗಳೂ ಸುಮ್ಮನಾಗುತ್ತಿದ್ದವಂತೆ. ನಾನು ನೋಡಿಲ್ಲ, ಪಾರಿವಾಳಗಳನ್ನೇ ಕೇಳಿ.

ಊರಲ್ಲೊಂದು ಪದ್ಧತಿ ಇತ್ತು. ಯಾರ ಪರ ನಿಂತನೋ ಅವರ ಶಲ್ಯ ಇವನ ಹೆಗಲಿಗೆ, ಇವನ ಶಲ್ಯ ಅವರ ಹೆಗಲಿಗೆ. ವ್ಯಾಜ್ಯ ಮುಗಿಯೋತನಕ ಹಂಗೇ. ಅವರ ವಿರುದ್ಧ ಇವನು ಒಂದು ಮಾತೂ ಆಡುವಂತಿಲ್ಲ, ಪ್ರಾಣ ಹೋದರೂ.

ಒಂದು ಬೆಳಿಗ್ಗೆ ನೋಡಿದರೆ ಕೆರೆಯ ತೂಬು ಒಡೆದಿತ್ತು. ನೀರೆಲ್ಲ ಹರಿದುಹೋಗಿತ್ತು. ಪಕ್ಕದಲ್ಲೇ ಚೆನ್ನಮಲ್ಲನ ಶಲ್ಯ ಬಿದ್ದಿತ್ತು. ತಮ್ಮ ಮಾತಿಗೆಲ್ಲ ಅಡ್ಡ ನಿಲ್ಲುತ್ತಿದ್ದವನು ಸಿಕ್ಕಿಬಿದ್ದ ಅಂತ ಗೌಡರಿಗೆ ಕರೆದು ಹೋಳಿಗೆ ಬಡಿಸಿದಂಗಾಯಿತು. ತಪ್ಪು ಅವನದೇ ಅಂತಾದರೆ, ಇನ್ನು ಯಾರ ಪರವೂ ಅವನು ಚಾವಡಿಯಲ್ಲಿ ಬಾಯಿ ತೆರೆಯಕೂಡದು ಅಂತ ಡಂಗುರ ಹೊಡೆಸಿದರಂತೆ.

"ನನ್ನ ಪರ ಒಬ್ಬರು ಮಾತಾಡಬೇಕು" ಅಂದ ಚೆನ್ನಮಲ್ಲ, ಚಾವಡಿಗೆ ಬಂದು.

"ಊರಿಗೆಲ್ಲ ನೀನೇ ಬಾಯಿ. ನಿನಗ್ಯಾಕೋ ಇನ್ನೊಂದು ಬಾಯಿ?" ಅಂತ ಗೌಡರು ಕಿಸಕ್ಕಂದರು.

ಚೆನ್ನಮಲ್ಲ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಬೈದರಂತೆ, ಏಳಲಿಲ್ಲ. ಹೆದರಿಸಿದರಂತೆ, ಏಳಲಿಲ್ಲ. ಕಳ್ಳನಿಗೂ ಕೊಟ್ಟ ಹಕ್ಕು ನನಗ್ಯಾಕಿಲ್ಲ ಅಂತ ಒಂದೇ ಹಟ.

ಆಗ ತಿಪ್ಪವ್ವ ಎದ್ದಳು. ಪ್ರತಿ ವ್ಯಾಜ್ಯದಲ್ಲೂ ಎದುರು ಕಡೆ ನಿಂತು ಚೆನ್ನಮಲ್ಲನ ಜೊತೆ ಕಿತ್ತಾಡುತ್ತಿದ್ದವಳು ಇವಳೇ. ತೂಬಿನ ಹತ್ತಿರದಿಂದ ತಂದು ಗೌಡರ ಮುಂದೆ ಇಟ್ಟಿದ್ದ ಅವನ ಶಲ್ಯ ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು. ಶಲ್ಯದ ಬದಲಿಗೆ ತನ್ನ ಎಲೆಯಡಿಕೆ ಚೀಲ ಅವನ ತೊಡೆ ಮೇಲೆ ಒಗೆದಳು.

"ಗೌಡ್ರೇ, ನಿಮ್ಮ ಬೆನ್ನಿಗೇನಾಗಿದೆ?"

ಗೌಡರು ಈ ಕಡೆ ತಿರುಗಿದರು, ಆ ಕಡೆ ತಿರುಗಿದರು, ಬಾಲ ಹಿಡಿಯೋ ನಾಯಿ ಹಂಗೆ ಸುತ್ತಿದರು. ಕಾಣಲೇ ಇಲ್ಲ. ಅವರು ಒರಗಿ ಕೂತಿದ್ದ ಗೋಡೆಗೆ ಆವತ್ತೇ ಸುಣ್ಣ ಬಳಿದಿದ್ದರು. ಊರೆಲ್ಲ ಹೊಟ್ಟೆ ಹಿಡಕೊಂಡು ನಕ್ಕಿತಂತೆ.

"ನಿಮ್ಮ ಬೆನ್ನು ನಿಮಗೆ ಕಾಣಲಿಲ್ಲ, ನಾನು ಹೇಳಬೇಕಾಯ್ತು. ಚೆನ್ನಮಲ್ಲನಿಗೂ ಒಂದು ಬೆನ್ನಿದೆ. ಈಗ ಅವನ ಹೆಗಲ ಮೇಲಿರೋ ಜರಿಶಲ್ಯ ಯಾರದು ನೋಡಿ."

ಗೌಡರ ಅಳಿಯನದು! ಅವನ ಗಡಿಕಲ್ಲಿನ ವ್ಯಾಜ್ಯ ಇನ್ನೂ ನಡೀತಿತ್ತು, ಚೆನ್ನಮಲ್ಲನೇ ಅವನ ಪರ ನಿಂತಿದ್ದ. ಹಂಗಾದರೆ ಚೆನ್ನಮಲ್ಲನ ಶಲ್ಯ ಹೊದ್ದು ತೂಬಿಗೆ ಹೋದವನ್ಯಾರು? ಊರಿಗೆಲ್ಲ ಗೊತ್ತಿತ್ತು, ಹೇಳೋ ಧೈರ್ಯ ಇರಲಿಲ್ಲ. ಚೆನ್ನಮಲ್ಲ ಹೇಳುವಂತಿರಲಿಲ್ಲ.

"ಹರಿದ ನೀರು ಯಾರ ಗದ್ದೆಯಲ್ಲಿ ನಿಂತಿದೆ ಅಂತಲೂ ನೋಡ್ಕೊಂಡು ಬನ್ನಿ" ಅಂದಳಂತೆ ತಿಪ್ಪವ್ವ. ಅಷ್ಟರಲ್ಲಿ ಅಳಿಯ ಹಿತ್ತಲ ಬಾಗಿಲಿಂದ ಪರಾರಿ. ಚೆನ್ನಮಲ್ಲನ ಬಾಯಿ ಉಳೀತು. ಮರುದಿನವೇ ಇಬ್ಬರೂ ಮತ್ತೆ ಎದುರುಬದುರು ನಿಂತು ಕಿತ್ತಾಡಿದರಂತೆ.

ಈಗಲೂ ನಮ್ಮೂರಲ್ಲಿ ಪಂಚಾಯ್ತಿ ಸೇರೋ ದಿನ ಬೆಳಿಗ್ಗೆ ಚಾವಡಿ ಗೋಡೆಗೆ ಹಸಿ ಸುಣ್ಣ ಬಳೀತಾರೆ. ದೊಡ್ಡ ಕುರ್ಚಿಯಲ್ಲಿ ಕೂರೋರಿಗೆ ಮಾತ್ರ ಯಾರೂ ಹೇಳಲ್ಲ. ಹೋದ ಸಲ ಕುರ್ಚಿಗೂ ಬಳಿದವರು ಯಾರು ಅಂತ ವಿಚಾರಣೆ ನಡೀತಿದೆ. ನನ್ನ ಪರ ಮಾತಾಡೋರು ಬರೋತನಕ ನಾನಂತೂ ಬಾಯಿ ಬಿಡಲ್ಲ.