ಗುಟುಕಿನ ಬಂಡೆ

ಎಸ್ಟೋನಿಯದ ಪಡುಗಡಲಿನ ನಮ್ಮ ದ್ವೀಪಕ್ಕೆ ಬಂದವರು ದೋಣಿಕಟ್ಟೆಯಿಂದ ಊರಿಗೆ ಬರುವ ದಾರಿಯ ಎಡಕ್ಕೆ ಒಂದು ಚಪ್ಪಟೆ ಬಂಡೆಯನ್ನು ಕಾಣುತ್ತಾರೆ. ಅದರ ನೆತ್ತಿಯಲ್ಲಿ ಬೊಗಸೆಯಗಲದ ಒಂದು ಕುಳಿ. ಗುಟುಕಿನ ಬಂಡೆ ಎಂದು ಅದರ ಹೆಸರು. ಆ ಹೆಸರು ಬಂದದ್ದು ಹೇಗೆಂದು ನನ್ನಜ್ಜಿ ಹೇಳಿದ್ದು ಒಂದು ಬಗೆ, ಚರ್ಚಿನ ಗಂಟೆ ಬಾರಿಸುವವನು ಹೇಳಿದ್ದು ಇನ್ನೊಂದು ಬಗೆ. ಎರಡನ್ನೂ ಕೇಳಿ ಕೇಳಿ ನನ್ನ ತಲೆ ಗೊಂದಲದ ಗೂಡಾಗಿದೆ. ಇಬ್ಬರೂ ಒಪ್ಪಿದಷ್ಟನ್ನು ಹೇಳುತ್ತೇನೆ.

ಹಿಂದೆ ಒಮ್ಮೆ ಈ ಬಂಡೆಯ ಪಕ್ಕದ ಮನೆಯಲ್ಲಿ ಮಾಡಿಸ್ ಎಂಬ ರೈತನೂ ಅವನ ಮಗಳು ವೀಯುವೂ ಇದ್ದರಂತೆ. ತಾಯಿ ಸತ್ತ ಕುದುರೆಮರಿಯೊಂದನ್ನು ವೀಯು ಕೈಯಾರೆ ಹಾಲೂಡಿಸಿ ಬೆಳೆಸಿದ್ದಳು. ಆಗ ನಮ್ಮಲ್ಲಿ ಮಾತಿಗಿಂತ ಗುಟುಕು ದೊಡ್ಡದು. ಕುದುರೆ ಮಾರಲಿ, ಮಗಳನ್ನು ಕೊಡಲಿ, ಬಂದವನು ತಂದ ಸೀಸೆಯಿಂದ ಮನೆಯ ಯಜಮಾನ ಒಂದು ಗುಟುಕು ಕುಡಿದನೆಂದರೆ ಮುಗಿಯಿತು, ಹಿಂದೆಗೆಯುವಂತಿಲ್ಲ. ಮದುವೆಯ ಮಾತಾದರೆ ಅಪ್ಪನ ನಂತರ ಮಗಳೂ ಕುಡಿಯಬೇಕು. ಅಪ್ಪ ಕುಡಿದ ಮೇಲೆ ಒಲ್ಲೆನೆಂದ ಮಗಳನ್ನು ಮಾತ್ರ ಯಾರೂ ಕಂಡಿರಲಿಲ್ಲ. ಒಂದು ಬೆಳಿಗ್ಗೆ ತೋನು ಎಂಬ ಕುದುರೆ ವ್ಯಾಪಾರಿ, ಇಬ್ಬರು ಹೆಂಡಿರನ್ನು ಕಳೆದುಕೊಂಡವನು, ಜೇನು ಬೆರೆಸಿದ ಸಾರಾಯಿ ಹಿಡಿದು ಬಂದ. ಹಬ್ಬಕ್ಕೆಂದು ಮನೆಯಲ್ಲೇ ಮಾಡಿದ ಬಿಯರಿನ ರುಚಿ ನೋಡುತ್ತ ನೋಡುತ್ತ ಮಾಡಿಸ್ ಆಗಲೇ ತೇಲುತ್ತಿದ್ದ. ತೋನು ಕುದುರೆಯನ್ನೂ ಕೇಳಿದ, ಹುಡುಗಿಯನ್ನೂ ಕೇಳಿದ. ಮಾಡಿಸ್ ಒಂದಕ್ಕೆ ಹ್ಞೂಂ, ಇನ್ನೊಂದಕ್ಕೆ ಊಹೂಂ ಎಂದು ಕುಡಿದೇಬಿಟ್ಟ. ಯಾವುದಕ್ಕೆ ಹ್ಞೂಂ ಎಂದೆನೆಂಬುದು ಮಧ್ಯಾಹ್ನ ಊರ ಹಿರಿಯರು ಬಂಡೆಯ ಬಳಿ ಸೇರುವಷ್ಟರಲ್ಲಿ ಆ ಪುಣ್ಯಾತ್ಮನಿಗೇ ನೆನಪಿಲ್ಲ!

"ಹುಡುಗಿಗೇ ಕುಡಿದದ್ದು," ಎಂದ ತೋನು.

"ಇರಬಹುದೇನೋ... ಕುದುರೆಗೂ ಇರಬಹುದು," ಎಂದು ಮಾಡಿಸ್ ಅಳತೊಡಗಿದ.

ಹಿರಿಯರು ಸೀಸೆಯನ್ನು ವೀಯುವಿನ ಕೈಗಿತ್ತರು. ಅವಳಿಗೆ ತೋನುವಿನ ಮುಖ ನೋಡಲೂ ಇಷ್ಟವಿಲ್ಲ. ಒಲ್ಲೆನೆಂದರೆ ಅಪ್ಪ ಊರಲ್ಲಿ ತಲೆಯೆತ್ತುವಂತಿಲ್ಲ. "ಅಪ್ಪನ ಪಾಲು ಅಪ್ಪ ಕುಡಿದಾಯ್ತು. ನನ್ನ ಗುಟುಕು ಇನ್ನೂ ಇದರಲ್ಲೇ ಇದೆ," ಎಂದವಳೇ ಅದನ್ನು ಬಂಡೆಯ ಕುಳಿಗೆ ಸುರಿದು ಕುದುರೆಯನ್ನು ಕರೆದಳು. ಜೇನಿನ ವಾಸನೆಗೆ ಅದು ಓಡಿಬಂದು ಕುಳಿಯನ್ನು ನೆಕ್ಕಿ ಒಣಗಿಸಿತು. "ಯಾರು ಕುಡಿದ್ರೋ ಅವರನ್ನ ಕರ್ಕೊಂಡು ಹೋಗಿ, ತೋನಣ್ಣ." ಇದು ಸರಿಯೋ ತಪ್ಪೋ ತಿಳಿಯದೆ ಹಿರಿಯರು ಮುಖ ಮುಖ ನೋಡಿಕೊಂಡರು, ಕೊನೆಗೆ ಆಗಲೆಂದು ತಲೆಯಾಡಿಸಿದರು. ದೋಣಿಕಟ್ಟೆಯವರೆಗೂ ಕುದುರೆ ತಿರುತಿರುಗಿ ನೋಡುತ್ತಿತ್ತು, ವೀಯು ಒಮ್ಮೆಯೂ ತಲೆಯೆತ್ತಲಿಲ್ಲ ಎನ್ನುತ್ತಾರೆ.

ಇಂದಿಗೂ ಮದುವೆಯ ದಿಬ್ಬಣ ಇಲ್ಲಿ ನಿಲ್ಲುತ್ತದೆ. ಮದುಮಗಳು ಮೊದಲ ಗುಟುಕನ್ನು ಕುಳಿಗೆ ಸುರಿಯುವವರೆಗೆ ಅವಳ ಅಪ್ಪ ಸೀಸೆ ಮುಟ್ಟುವಂತಿಲ್ಲ. ಅದು ಉಳಿದ ಹುಡುಗಿಗೋ, ಹೋದ ಕುದುರೆಗೋ, ನನಗಿನ್ನೂ ತಿಳಿಯದು. ನನ್ನ ಮಗಳ ಮದುವೆಯಲ್ಲಿ ನಾನೂ ಇಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅವಳು ಕುಳಿಗೆ ಸುರಿದು, ನಗುತ್ತ ಸೀಸೆಯನ್ನು ನನ್ನ ಕೈಗಿತ್ತಳು. ನನಗೆ ಕುಡಿಯಲಾಗಲಿಲ್ಲ.