ಬಾಗಿಲಲ್ಲಿ ಹಾಸಿದ ಚಾಪೆ

"ಗುರುಗಳೇ, ಯಾವ ಗಳಿಗೆಯಲ್ಲಿ ಏನು ಕೆಟ್ಟದ್ದಾಗುತ್ತದೋ ಎಂದು ಸದಾ ಎಚ್ಚರವಾಗಿರುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನು ಹೊಸ್ತಿಲ ಮೇಲೆ ಕೂತಿದ್ದ. ಊರಲ್ಲಿ ಅವನ ಅಣ್ಣನಿಗೆ ಮೈ ಸರಿಯಿರಲಿಲ್ಲ. ಸುದ್ದಿ ಬಂದರೆ ಕೂಡಲೇ ಎದ್ದು ಹೊರಡಬೇಕೆಂದು ದಿನವೂ ಅಲ್ಲೇ ಕೂರುತ್ತಿದ್ದ. ಬಟ್ಟೆಯ ಗಂಟು ಪಕ್ಕದಲ್ಲೇ ಇರುತ್ತಿತ್ತು. ಪಾಠ ನಡೆಯುವಾಗಲೂ ಅವನ ಕಣ್ಣು ಬೀದಿಯ ಕಡೆಗೇ.

"ತಪ್ಪೋ ಸರಿಯೋ ಆಮೇಲೆ ನೋಡೋಣ. ಮೊದಲು ಒಬ್ಬ ಎಣ್ಣೆ ವ್ಯಾಪಾರಿಯ ಕತೆ ಕೇಳು" ಎಂದರು ಗುರುಗಳು. ಶಿಷ್ಯ ಬೀದಿಗೆ ಬೆನ್ನು ಹಾಕಿ ಅವರತ್ತ ತಿರುಗಿ ಕೂತ, ಅವರು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಅರಸರ ಕಾಲದ ನಾಟಕಶಾಲೆ ಇತ್ತು. ಒಂದು ಸಂಜೆ ಆಟ ನಡೆಯುತ್ತಿರುವಾಗಲೇ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಎಷ್ಟೋ ಜನ ಸತ್ತರು. ಅವರಲ್ಲಿ ಈ ವ್ಯಾಪಾರಿಯ ತಂದೆಯೂ ಒಬ್ಬ. ಆಗ ಇವನಿನ್ನೂ ತೊಟ್ಟಿಲ ಕೂಸು. "ನಿಮ್ಮಪ್ಪ ಬೆಂಕಿ ಬಿದ್ದ ದಿನ ಹೋದರು" ಎಂದಷ್ಟೇ ತಾಯಿ ಹೇಳುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಹೀಗೆ ಬೆಳೆದವನಿಗೆ ಬೆಂಕಿಯೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹೊಟ್ಟೆಪಾಡು ನೋಡಪ್ಪ, ಮಾರುವುದು ಎಣ್ಣೆ! ಒಲೆ ಆರಿದೆಯೇ ಎಂದು ಹೆಂಡತಿಯನ್ನು ಕೇಳುತ್ತಿದ್ದ. ಆರಿದೆ ಎಂದರೆ ನಂಬದೆ ತಾನೇ ಹೋಗಿ ಬೂದಿ ಮುಟ್ಟಿ ನೋಡುತ್ತಿದ್ದ.

ಬಹಳ ವರ್ಷದ ಮೇಲೆ ಪಟ್ಟಣದವರು ಆ ನಾಟಕಶಾಲೆಯನ್ನು ಮತ್ತೆ ಕಟ್ಟಿದರು. ಹಳೆಯ ತಳಪಾಯದ ಮೇಲೆ, ಹಳೆಯ ಅಳತೆಗೇ. ಅದೇ ಕೆತ್ತನೆಯ ಕಂಬ, ಅದೇ ರಂಗ, ಅದೇ ಮರದ ಅಟ್ಟ. ಬಾಗಿಲನ್ನು ಮಾತ್ರ ಎತ್ತಿನ ಗಾಡಿ ನುಗ್ಗುವಷ್ಟು ಅಗಲ ಮಾಡಿದರು. ಸುತ್ತಲಿನ ಊರವರೆಲ್ಲ ಬುತ್ತಿ ಕಟ್ಟಿಕೊಂಡು, ಸಂಸಾರ ಸಮೇತ ನೋಡಲು ಬರತೊಡಗಿದರು. ಹಗಲು ಕಟ್ಟಡ ನೋಡುವುದು, ಸಂಜೆ ಆಟ ನೋಡಿಕೊಂಡು ಹಿಂದಿರುಗುವುದು.

ವ್ಯಾಪಾರಿಯ ಮಗಳು ನೀಲವ್ವ ಹೋಗಲೇಬೇಕೆಂದು ಹಟ ಹಿಡಿದಳು. ಅವನ ತಾಯಿಯೂ, "ನಾನೂ ಬರುತ್ತೇನೆ ಮಗಾ, ಒಮ್ಮೆ ನೋಡಬೇಕು" ಎಂದಳು. ಅಜ್ಜಿ ಮೊಮ್ಮಗಳು ಒಂದಾದ ಮೇಲೆ ಅವನ ಮಾತು ನಡೆಯುತ್ತದೆಯೇ? ಗಾಡಿ ಕಟ್ಟಿದ.

ಹಗಲೆಲ್ಲ ಚೆನ್ನಾಗಿಯೇ ಕಳೆಯಿತು, ಅವನೊಬ್ಬನನ್ನು ಬಿಟ್ಟು. ನೀಲವ್ವ ಕಂಬಗಳನ್ನು ತಬ್ಬಿಕೊಂಡು ಸುತ್ತಿದಳು. ಅವಳ ತಾಯಿ ಅಟ್ಟದ ಚಿತ್ತಾರ ನೋಡುತ್ತಾ ನಿಂತಳು. ಇವನು ಮರ ಎಷ್ಟು ಒಣಗಿದೆ ಎಂದು ಮುಟ್ಟಿ ಮುಟ್ಟಿ ನೋಡಿದ. ಪಂಜು ಸಿಕ್ಕಿಸುವ ಜಾಗ ನೋಡಿದ. ಬುತ್ತಿ ಬಿಚ್ಚಿದಾಗಲೂ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತಿದ್ದ.

ಆ ನಾಟಕಶಾಲೆಯಲ್ಲಿ ಒಂದು ಪದ್ಧತಿ. ಚಾಪೆಯನ್ನು ಮನೆಯಿಂದಲೇ ತರಬೇಕು. ಎಲ್ಲಿ ಬೇಕಾದರೂ ಹಾಸಬಹುದು. ಒಮ್ಮೆ ಹಾಸಿದ ಚಾಪೆಯನ್ನು ತೆಗೆ ಎಂದು ಯಾರೂ ಹೇಳುವಂತಿಲ್ಲ, ಹೇಳಿದರೆ ಅದು ದೊಡ್ಡ ಅವಮಾನ. ವ್ಯಾಪಾರಿ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲಲ್ಲೇ ಚಾಪೆ ಹಾಸಿದ. ಬುತ್ತಿ ಬುಟ್ಟಿ, ನೀರಿನ ಕೊಡ ಎಲ್ಲ ಅಲ್ಲೇ ಇಟ್ಟ. ಅಷ್ಟಕ್ಕೂ ಸಮಾಧಾನವಾಗದೆ ಗಾಡಿಯನ್ನು ತಂದು ಬಾಗಿಲ ಹೊರಗೆ ನಿಲ್ಲಿಸಿದ, ಎತ್ತು ಹೂಡಿಕೊಂಡೇ. ಏನಾದರೂ ಆದರೆ ಹೆಂಡತಿ ಮಕ್ಕಳನ್ನು ಎತ್ತಿ ಹಾಕಿಕೊಂಡು ಹೊರಡುವುದೇ.

"ಬಾಗಿಲಲ್ಲಿ ಬೇಡ ಮಗಾ, ಒಳಗೆ ನಡಿ" ಎಂದಳು ತಾಯಿ.

"ಸುಮ್ಮನಿರವ್ವ, ನಿನಗೆ ಗೊತ್ತಾಗೋದಿಲ್ಲ" ಎಂದ.

ಮುದುಕಿ ಮೊಮ್ಮಗಳ ಕೈ ಹಿಡಿದು ರಂಗದ ಮುಂದಕ್ಕೆ ಹೋಗಿ ಕೂತಳು. ಅವನು ಕರೆದ. ನೀಲವ್ವ ತಿರುಗಿ ಕೈಬೀಸಿ ನಕ್ಕಳು, ಬರಲಿಲ್ಲ. ಅಷ್ಟರಲ್ಲಿ ಜನ ತುಂಬಿತು. ಬಾಗಿಲಲ್ಲಿ ಕೂತವನನ್ನು ನೋಡಿ, ಇವನಿಗೆ ಏನೋ ಗೊತ್ತಿರಬೇಕು ಎಂದುಕೊಂಡು ಮತ್ತಷ್ಟು ಜನ ಅಲ್ಲೇ ಚಾಪೆ ಹಾಸಿದರು. ಅಷ್ಟು ದೊಡ್ಡ ಬಾಗಿಲಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ.

ಆಟ ಶುರುವಾಯಿತು. ಏನು ಆಟ ಎಂದು ಅವನನ್ನು ಕೇಳಿದ್ದರೆ ಹೇಳುತ್ತಿರಲಿಲ್ಲ, ಅವನು ನೋಡುತ್ತಿದ್ದದ್ದು ಪಂಜುಗಳನ್ನು. ರಾಕ್ಷಸನ ಪ್ರವೇಶವಾಯಿತು. ಇಬ್ಬರು ಪಂಜಿನ ಮೇಲೆ ರಾಳದ ಪುಡಿ ಎರಚಿದರು. ಭಗ್ಗೆಂದು ಜ್ವಾಲೆ ಅಟ್ಟದವರೆಗೂ ಎದ್ದಿತು.

"ಬೆಂಕಿ! ಬೆಂಕಿ!" ಎಂದು ವ್ಯಾಪಾರಿ ಕಿರುಚಿದ.

ಅಯ್ಯೋ, ಆಮೇಲೆ ಕೇಳಬೇಕೇ! ಕೂತವರೆಲ್ಲ ಒಟ್ಟಿಗೆ ಎದ್ದರು, ಒಟ್ಟಿಗೆ ಬಾಗಿಲ ಕಡೆ ನುಗ್ಗಿದರು. ಬಾಗಿಲಲ್ಲಿ ಚಾಪೆ, ಬುಟ್ಟಿ, ಕೊಡ. ಮುಂದಿನವರು ಎಡವಿ ಬಿದ್ದರು, ಹಿಂದಿನವರು ಅವರ ಮೇಲೆ ಬಿದ್ದರು. ಹೇಗೋ ದಾಟಿದವರಿಗೆ ಹೊರಗೆ ಗಾಡಿ ಅಡ್ಡ. ಬೆದರಿದ ಎತ್ತುಗಳು ಗಾಡಿಯನ್ನು ಬಾಗಿಲಿಗೇ ಒತ್ತಿ ನಿಲ್ಲಿಸಿದವು. ಚಾಪೆಯ ಮೇಲೆ ಪಕ್ಕದಲ್ಲೇ ಕೂತಿದ್ದ ಹೆಂಡತಿ ಕೆಳಗೆ ಬಿದ್ದು ಚೀರಿದಳು. ಮಗಳು ಒಳಗಿದ್ದಳು. ಅವನು ಒಳಗೆ ನುಗ್ಗಲು ನೋಡಿದ, ಜನ ಬಿಡಲಿಲ್ಲ. ಹೊರಗೂ ಇಲ್ಲ, ಒಳಗೂ ಇಲ್ಲ. "ನೀಲವ್ವಾ! ನೀಲವ್ವಾ!" ಎಂದು ಕೂಗಿದ. ತನ್ನ ಕೂಗು ತನಗೇ ಕೇಳಿಸಲಿಲ್ಲ. ಮಗಳು ಹೋದಳು ಎಂದೇ ತಿಳಿದ.

ಆಗ ರಾಕ್ಷಸ ಕೋರೆಹಲ್ಲು ಕಿತ್ತು ಕೈಯಲ್ಲಿ ಹಿಡಿದು ರಂಗದ ತುದಿಗೆ ಓಡಿಬಂದ. "ಕೂತ್ಕೊಳ್ರಪ್ಪಾ! ರಾಳ ಕಣ್ರೋ ಅದು! ದಿನಾ ಎರಚ್ತೀವಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಜನ ತಿರುಗಿ ನೋಡಿದರು. ಪಂಜು ಎಂದಿನಂತೆ ಉರಿಯುತ್ತಿತ್ತು. ಗದ್ದಲ ನಿಧಾನವಾಗಿ ಇಳಿಯಿತು. ರಂಗದ ಮುಂದೆ ಮುದುಕಿ ಕೂತಲ್ಲೇ ಕೂತಿದ್ದಳು. ನೀಲವ್ವನನ್ನು ತೊಡೆಯ ಮೇಲೆ ಎಳೆದುಕೊಂಡು ಸೆರಗು ಹೊದಿಸಿದ್ದಳು.

ಆಮೇಲೆ ಎದ್ದು ಬಂದಳು. ಸೊಸೆಯ ಮುರಿದ ಕೈ ನೋಡಿದಳು. ಬಾಗಿಲಲ್ಲಿ ಮುದ್ದೆಯಾಗಿ ಬಿದ್ದ ಚಾಪೆ ನೋಡಿದಳು.

"ನಿಮ್ಮಪ್ಪನಿಗೆ ಬೆಂಕಿಯ ಬಿಸಿ ಕೂಡ ತಾಗಿರಲಿಲ್ಲ ಮಗಾ. ಬಾಗಿಲತನಕ ಬಂದಿದ್ದರು. ಬಾಗಿಲಲ್ಲಿ ಯಾರೋ ಚಾಪೆ ಹಾಸಿಕೊಂಡಿದ್ದರು" ಎಂದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

"ವ್ಯಾಪಾರಿ ಏನು ಮಾಡಿದ?" ಎಂದು ಶಿಷ್ಯ ಕೇಳಿದ.

"ಏನು ಮಾಡುತ್ತಾನೆ? ಚಾಪೆ ಮಡಿಸಿದ, ಗಾಡಿ ಸರಿಸಿದ. ಹೆಂಡತಿಯ ಕೈ ಮಾತ್ರ ಮತ್ತೆ ನೆಟ್ಟಗೆ ಕೂಡಲಿಲ್ಲ."

ಶಿಷ್ಯನಿಗೆ ಆ ವ್ಯಾಪಾರಿಯ ಮೇಲೆ ಮರುಕ ಹುಟ್ಟಿತ್ತು. "ಪಾಪ, ತನ್ನವರ ಒಳಿತಿಗೆಂದೇ ಅಲ್ಲವೇ ಅವನು ಬಾಗಿಲಲ್ಲಿ ಕೂತದ್ದು?" ಎಂದ.

"ಹೌದಪ್ಪ, ಅದಕ್ಕೇ ಕೂತದ್ದು. ಈಗ ಆ ಗಂಟು ಎತ್ತಿಕೊಂಡು ಒಳಗೆ ಬಾ, ಕತೆ ಶುರುವಾದಾಗಿನಿಂದ ನಿನ್ನ ಬೆನ್ನ ಹಿಂದೆ ಒಬ್ಬರು ಒಳಗೆ ಬರಲು ದಾರಿ ಕಾಯುತ್ತಾ ನಿಂತಿದ್ದಾರೆ" ಎಂದರು ಗುರುಗಳು.